ಪರದೇಶದ ಹುಡುಗಿ ಸೇವೆಗೆಂದು ಬಂದಾಗ...

ಸವಣೂರು ತಾಲೂಕಿನ ಒಂದು ಹಳ್ಳಿ ಎಂದಿಟ್ಟುಕೊಳ್ಳಿ. ನೀವು ಆಗಷ್ಟೇ ರೊಟ್ಟಿಯ ಹಂಚು ಇಳಿಸಿ, ಸೆರಗಿನಿಂದ ಮುಖದ ಬೆವರೊರೆಸಿಕೊಂಡು ಕುಳಿತಿದ್ದೀರಿ. ಶಾಲೆಯ ಹೆಡ್‌ಮಾಸ್ತರರು ಅಂಗಳದಲ್ಲಿ ನಿಂತು ಕೆಮ್ಮುತ್ತಾರೆ.

"ಅಕ್ಕಾರ, ಫಾರಿನ್ನಿಂದ ಇಬ್ಬರು ಕಾಲೇಜ ಹುಡುಗ್ಯಾರು ಬರಾಕತ್ತಾರ್ರಿ. ನಮ್ಮ ಸಾಲ್ಯಾಗ ಸೇವಾ ಮಾಡತಾರಂತ. ಒಂದೂವರಿ ತಿಂಗಳು ನಿಮ್ಮ ಮನ್ಯಾಗ ಇಟ್ಕೊಳ್ರಿ. ನಿಮ್ಮ ಮನಿಯವರು ಆಗಲೇ ಹೂಂ ಅಂದಾರ."

ಮನೆಯವರು ಹೂಂ ಅಂದಾಯಿತು! ಇನ್ನು ನಿಮ್ಮನ್ನು ಕೇಳುವುದೇನಿದೆ? ಊರಿಗೆ ದೊಡ್ಡ ಹೆಸರು, ಶಾಲೆಗೆ ಬಣ್ಣ, ಮಕ್ಕಳಿಗೆ ಇಂಗ್ಲಿಷು. ಎಲ್ಲರಿಗೂ ಸಂತೋಷವೇ. ಆದರೆ ಬೆಳಿಗ್ಗೆ ಎದ್ದು ಎರಡು ಕೊಡ ಹೆಚ್ಚು ನೀರು ಕಾಯಿಸುವವರು ಯಾರು? ಖಾರ ಹಾಕದ ಪಲ್ಲೆ ಬೇರೆ ಮಾಡುವವರು ಯಾರು? ಹುಡುಗಿಗೆ ರಾತ್ರಿ ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು ಕುಳಿತುಕೊಳ್ಳುವವರು ಯಾರು? ಓದುಗ ಗೆಳತಿಯರೇ, ಸೇವೆ ಮಾಡಲು ಬಂದವಳ ಸೇವೆ ಮಾಡುವವಳು ಮನೆಯ ಹೆಂಗಸು. ಅವಳ ಹೆಸರು ಯಾವ ವರದಿಯಲ್ಲೂ ಬರುವುದಿಲ್ಲ. ಅದಕ್ಕೇ ಈ ಲೇಖನವನ್ನು ಅವಳ ಕಡೆಯಿಂದ ಬರೆಯೋಣ ಅನ್ನಿಸಿತು.

ಹಾಗೆಂದು ಆ ಮಕ್ಕಳನ್ನು ಹೀಯಾಳಿಸುವುದು ಬೇಡ. ಹದಿನೆಂಟು ಇಪ್ಪತ್ತರ ಪ್ರಾಯದಲ್ಲಿ ಸಾವಿರಾರು ಮೈಲು ದಾಟಿ, ಹೆಸರು ಕೇಳದ ಊರಿನಲ್ಲಿ ಕಲ್ಲು ಹೊರುತ್ತೇನೆ ಎಂದು ಹೊರಡಲು ಎದೆಗಾರಿಕೆ ಬೇಕು. ಕೆಲವರು ನಿಜವಾದ ಕಳಕಳಿಯಿಂದ ಬರುತ್ತಾರೆ. ಕೆಲವರಿಗೆ ಕಾಲೇಜಿನ ಅರ್ಜಿಯಲ್ಲಿ ಬರೆಯಲು ಒಂದು ಸಾಲು ಬೇಕಾಗಿರುತ್ತದೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಂತೂ ಹೈಸ್ಕೂಲು ಮುಗಿಸಬೇಕಾದರೆ 75 ಗಂಟೆಗಳ ಸೇವೆ ಕಡ್ಡಾಯ. ಹೆಚ್ಚಿನವರಲ್ಲಿ ಎರಡೂ ಇರುತ್ತವೆ. ನಮ್ಮ ಮಕ್ಕಳೇನು ಬೇರೆಯೇ? ರಾಷ್ಟ್ರೀಯ ಸೇವಾ ಯೋಜನೆ 1969ರ ಸೆಪ್ಟೆಂಬರ್ 24ರಂದು, ಗಾಂಧಿ ಶತಾಬ್ದಿಯ ವರ್ಷದಲ್ಲಿ, 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಂದಿಗೆ ಆರಂಭವಾಯಿತು. ಏಳು ದಿನದ ಶಿಬಿರಕ್ಕೆ ಹಳ್ಳಿಗೆ ಬರುವ ನಮ್ಮ ಕಾಲೇಜು ಮಕ್ಕಳಲ್ಲೂ ಪ್ರಮಾಣಪತ್ರದ ಆಸೆ ಇದ್ದೇ ಇರುತ್ತದೆ. ಇರಲಿ ಬಿಡಿ.

ಹೊರದೇಶದವರು ಸಲಿಕೆ ಹಿಡಿದು ಬರುವುದು ಹಳೆಯ ಸಂಗತಿ. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಸ್ವಿಟ್ಜರ್‌ಲೆಂಡಿನ ಪಿಯರ್ ಸೆರೆಸೋಲ್ ಎಂಬಾತ ಫ್ರಾನ್ಸಿನ ವೆರ್ಡನ್ ಹತ್ತಿರ ಹಾಳಾದ ಹಳ್ಳಿಯೊಂದನ್ನು ಕಟ್ಟಲು ಬೇರೆ ಬೇರೆ ದೇಶದ ಜನರನ್ನು ಕೂಡಿಸಿದ. 1934ರಲ್ಲಿ ಬಿಹಾರದಲ್ಲಿ ಭೂಕಂಪವಾದಾಗ ಅದೇ ಸೆರೆಸೋಲ್ ಇಲ್ಲಿಗೂ ಬಂದು ಮನೆ ಕಳೆದುಕೊಂಡವರ ಹಳ್ಳಿಗಳನ್ನು ಕಟ್ಟುವಲ್ಲಿ ಕೈಗೂಡಿಸಿದ.

ಆಮೇಲೆ ಬಂದದ್ದು ಅಮೆರಿಕದ ಪೀಸ್ ಕೋರ್, ಅಂದರೆ ಶಾಂತಿದಳ. 1961ರಲ್ಲಿ ಅಧ್ಯಕ್ಷ ಕೆನಡಿ ಅದನ್ನು ಆರಂಭಿಸಿದರು. ಅದೇ ವರ್ಷದ ಕೊನೆಗೆ ಮೊದಲ ತಂಡ ಪಂಜಾಬಿಗೆ ಬಂತು. 1976ರ ಹೊತ್ತಿಗೆ ಆ ಕೆಲಸ ಭಾರತದಲ್ಲಿ ನಿಂತಿತು. ಈ ಹದಿನೈದು ವರ್ಷಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಬಂದು ಹೋದರು. ನಮ್ಮ ಅಂದಿನ ಮೈಸೂರು ರಾಜ್ಯಕ್ಕೂ ಬಂದರು. ಹೆಚ್ಚಿನವರು ಆಗಷ್ಟೇ ಕಾಲೇಜು ಮುಗಿಸಿದವರು. ಕೋಳಿ ಸಾಕಣೆ, ಪೌಷ್ಟಿಕ ಆಹಾರ, ಆರೋಗ್ಯ, ಕೃಷಿ ಇವೇ ಕೆಲಸ. (ಕೋಳಿಗೂಡು ಗುಡಿಸಿದವರು ಯಾರು ಎಂದು ಮಾತ್ರ ನಾನು ಯಾವಾಗಲೂ ಯೋಚಿಸುತ್ತೇನೆ!) ಆದರೆ ಅವರ ಒಂದು ಪದ್ಧತಿ ಒಳ್ಳೆಯದಿತ್ತು. ಹೊರಡುವ ಮೊದಲು ತಿಂಗಳುಗಟ್ಟಲೆ ಭಾಷೆಯ ಪಾಠ, ಬಂದ ಮೇಲೆ ಎರಡು ವರ್ಷದ ವಾಸ. ಎರಡು ಯುಗಾದಿ, ಎರಡು ದೀಪಾವಳಿ, ಎರಡು ಮಳೆಗಾಲ ಕಂಡವರಿಗೆ ಹಳ್ಳಿ ಅಂದರೆ ಏನೆಂದು ಸ್ವಲ್ಪವಾದರೂ ತಿಳಿಯದೇ ಇರುತ್ತದೆಯೇ?

ಶಾಂತಿದಳದಲ್ಲಿ ಬಂದವರೆಲ್ಲ ಹುಡುಗ ಹುಡುಗಿಯರೂ ಅಲ್ಲ. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್ ಕಾರ್ಟರ್ 1966ರಲ್ಲಿ, ತಮ್ಮ 68ನೇ ವಯಸ್ಸಿನಲ್ಲಿ, ಬಂದರು! ವೃತ್ತಿಯಲ್ಲಿ ದಾದಿ. ಮುಂಬಯಿಯ ವಿಖ್ರೋಳಿಯಲ್ಲಿ ಎರಡು ವರ್ಷ ಇದ್ದು ರೋಗಿಗಳ ಸೇವೆ ಮಾಡಿದರು. ಆಗ ಮನೆಗೆ ಬರೆದ ಕಾಗದಗಳು 1977ರಲ್ಲಿ ಪುಸ್ತಕವಾಗಿ ಬಂದವು. ಸೊಸೆಗೆ ಸಂಸಾರ ಒಪ್ಪಿಸಿದ ಮೇಲೆ ಮುಂದೇನು ಎಂದು ಕೇಳುವ ನಮ್ಮ ಓದುಗರು ಒಂದು ಕ್ಷಣ ಯೋಚಿಸಬಹುದು.

ಈಗ ದೂರದ ಮಾತು ಬಿಟ್ಟು ನಮ್ಮ ಸೀಮೆಗೇ ಬರೋಣ. ರಾಣೆಬೆನ್ನೂರು ತಾಲೂಕಿನ ಮೆಡ್ಲೇರಿ ನಿಮಗೆ ಗೊತ್ತು. ಸವಣೂರಿನಂತೆಯೇ ಹಿಂದೆ ಧಾರವಾಡ ಜಿಲ್ಲೆ, 1997ರಿಂದ ಹಾವೇರಿ ಜಿಲ್ಲೆ. ಎಸ್. ಆರ್. ಹಿರೇಮಠ ಅವರು ಇಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದವರು, ಶಿಕಾಗೋದಲ್ಲಿ ಕೆಲಸದಲ್ಲಿದ್ದವರು. ಅಲ್ಲಿನ ಭಾರತೀಯರು ಕೆಲವರು ಸೇರಿ 1974ರಲ್ಲಿ ಇಂಡಿಯಾ ಡೆವಲಪ್‌ಮೆಂಟ್ ಸರ್ವಿಸ್ ಎಂಬ ಸಂಸ್ಥೆ ಕಟ್ಟಿದರು. ದೂರದಿಂದ ದುಡ್ಡು ಕಳಿಸಿದರೆ ಸಾಲದು ಎನ್ನಿಸಿರಬೇಕು. 1979ರಲ್ಲಿ ಹಿರೇಮಠರು ತಮ್ಮ ಪತ್ನಿ, ಅಮೆರಿಕದವರಾದ ಮೇವಿಸ್ ಅವರೊಂದಿಗೆ ತಿರುಗಿ ಬಂದು ಮೆಡ್ಲೇರಿಯಲ್ಲಿ ಕೆಲಸಕ್ಕೆ ನಿಂತರು.

ಸುಮ್ಮನೆ ಯೋಚಿಸಿ ನೋಡಿ. ಶಿಕಾಗೋ ಎಲ್ಲಿ, ಮೆಡ್ಲೇರಿ ಎಲ್ಲಿ! ನಾವು ತವರಿನಿಂದ ಮೂವತ್ತು ಮೈಲು ದೂರದ ಅತ್ತೆಮನೆಗೆ ಬಂದು, ಇಲ್ಲಿನ ಸಾರಿನ ರುಚಿ ಬೇರೆ ಎಂದು ಆರು ತಿಂಗಳು ಕಣ್ಣೀರು ಹಾಕಿದವರು. ಮೇವಿಸ್ ಅವರು ಆರು ವಾರ ಇದ್ದು ಫೋಟೋ ತೆಗೆಸಿಕೊಂಡು ಹೋಗಲು ಬಂದವರಾಗಿರಲಿಲ್ಲ. ಈ ನಾಡಿನಲ್ಲೇ ಸಂಸಾರ ಹೂಡಿದರು.

ಹಾಗೆ ನಿಂತದ್ದರಿಂದ ಏನಾಯಿತು? 1984ರಲ್ಲಿ ಧಾರವಾಡದಲ್ಲಿ ಸಮಾಜ ಪರಿವರ್ತನ ಸಮುದಾಯ ಹುಟ್ಟಿತು. ಅದೇ ಕಾಲಕ್ಕೆ ಈ ಭಾಗದ ಸಾವಿರಾರು ಎಕರೆ ಸಾರ್ವಜನಿಕ ಭೂಮಿಯನ್ನು, ಸರಕಾರ ಮತ್ತು ಖಾಸಗಿ ಕಾರಖಾನೆ ಕೂಡಿ ಮಾಡಿದ ಕಂಪನಿಗೆ, ನೀಲಗಿರಿ ಬೆಳೆಸಲು ಕೊಡುವುದೆಂದಾಗಿತ್ತು. ಕಾಗದದ ಮೇಲೆ ಅದು ಬೀಳು ಭೂಮಿ. ಆದರೆ ದನ ಮೇಯಿಸಲು, ಒಲೆಗೆ ಪುಳ್ಳೆ ಆರಿಸಲು ಹೆಂಗಸರು ಹೋಗುವುದು ಅಲ್ಲಿಗೇ ಅಲ್ಲವೇ? ನೀಲಗಿರಿ ಎಲೆಯನ್ನು ದನ ಮೂಸಿಯೂ ನೋಡುವುದಿಲ್ಲ. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಅದೇ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1991ರಲ್ಲಿ ಆ ಕಂಪನಿಯೇ ಮುಚ್ಚಿತು. ಇದು ಊರಿನ ಜನರ ಹೋರಾಟ, ಬೇರೆ ಯಾರಿಗೂ ಅದರ ಪೂರ್ತಿ ಶ್ರೇಯ ಸಲ್ಲದು. ಆದರೆ ಒಲೆಯ ಪುಳ್ಳೆಗೂ ಕಂಪನಿಯ ಕರಾರಿಗೂ ಇರುವ ನಂಟು ಆರು ವಾರಕ್ಕೆ ಬಂದು ಹೋಗುವವರ ಕಣ್ಣಿಗೆ ಬೀಳುತ್ತಿತ್ತೇ? ಅವರು ಹೆಚ್ಚೆಂದರೆ ಶಾಲೆಯ ಗೋಡೆಯ ಮೇಲೆ ಒಂದು ಹಸಿರು ಗಿಡದ ಚಿತ್ರ ಬರೆದು ಹೋಗುತ್ತಿದ್ದರು.

ದಕ್ಷಿಣದ ಹೆಗ್ಗಡದೇವನಕೋಟೆಯ ಕಡೆಗೂ ಒಮ್ಮೆ ನೋಡಿ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಆರಂಭಿಸಿದರು. ಡಾಕ್ಟರಾದ ಮೇಲೆ ಕಾಡಿನ ಜನರ ನಡುವೆ ಹೋಗಿ ನೆಲೆಸಿದರು. ಮುಂದೆ ಅಲ್ಲಿಗೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಬಂದರು. ಹೇಗೆ ಬಂದರು ಎನ್ನುವುದು ಮುಖ್ಯ. ಉದ್ಧಾರ ಮಾಡಲು ಬಂದವರಲ್ಲ, ಇಲ್ಲಿನ ಆರೋಗ್ಯದ ಕೆಲಸ ನೋಡಿ ಕಲಿಯಲು ಬಂದವರು. ಕಲಿಯಲು ಬಂದವರಿಗೆ ನಾವು ಗುರುವಾಗುತ್ತೇವೆ. ಕಲಿಸಲು ಬಂದವರಿಗೆ ಮಾತ್ರ ಆಳಾಗಿಬಿಡುತ್ತೇವೆ!

ಹೂಂ ಅನ್ನುವ ಮೊದಲು

ಆದ್ದರಿಂದ ಹೆಡ್‌ಮಾಸ್ತರರು ಬಂದಾಗ ತಲೆಬಾಗಿಲಲ್ಲಿ ನಿಂತೇ ನಾಲ್ಕು ಮಾತು ಕೇಳಿಬಿಡಿ. ಸಂಕೋಚ ಬೇಡ. "ಮಾಸ್ತರ, ಅವರನ್ನ ಕಳಿಸೋರು ಯಾರು? ಅವರ ಹತ್ರ ರೊಕ್ಕ ತಗೊಂಡಾರೇನು? ನಮ್ಮ ಊಟ-ವಸತಿಗೆ ಅದರಾಗ ಎಷ್ಟು?" ಇಂಥ ಮಕ್ಕಳನ್ನು ಕಳಿಸುವ ಅನೇಕ ಏಜೆನ್ಸಿಗಳು ಅವರಿಂದ ಸಾಕಷ್ಟು ದೊಡ್ಡ ಮೊತ್ತವನ್ನೇ ಪಡೆಯುತ್ತವೆ. ಅತಿಥಿಯಿಂದ ಹಣ ತೆಗೆದುಕೊಳ್ಳುವುದು ಪಾಪ ಎಂದು ನೀವು ಹೇಳಬಹುದು. ನಮ್ಮ ಮನೆಗೆ ತಾನಾಗಿ ಬಂದವಳು ಅತಿಥಿ, ಒಪ್ಪಿದೆ. ಆದರೆ ಯಾರೋ ದುಡ್ಡು ಎಣಿಸಿಕೊಂಡು ನಿಮ್ಮ ಅಡಿಗೆಮನೆಗೆ ಕಳಿಸಿದವಳ ಊಟದ ಖರ್ಚು ನೀವೇ ಹೊರುವುದು ಯಾವ ಧರ್ಮ? ಕೇಳಿ, ಮತ್ತು ಆ ಹಣ ನಿಮ್ಮ ಕೈಗೇ ಬರಲಿ.

ಕಾನೂನಿನದೂ ಒಂದು ಮಾತಿದೆ. ಪರದೇಶದವರನ್ನು ಇಟ್ಟುಕೊಂಡ ಮನೆಯವರು, ಅವರು ಬಂದ 24 ಗಂಟೆಯೊಳಗೆ ಆನ್‌ಲೈನ್ ಮೂಲಕ ಸರಕಾರಕ್ಕೆ ತಿಳಿಸಬೇಕು. ಜಿಲ್ಲೆಯಲ್ಲಿ ಇದನ್ನು ನೋಡಿಕೊಳ್ಳುವುದು ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿ. ಹೋಟೆಲಿಗಷ್ಟೇ ಅಲ್ಲ, ಮನೆಗೂ ಈ ನಿಯಮ ಉಂಟು. ಮಾಸ್ತರರಿಂದಲೋ ಸಂಸ್ಥೆಯವರಿಂದಲೋ ಅದನ್ನು ಮಾಡಿಸಿ, ಅರ್ಜಿಯ ಪ್ರತಿ ನಿಮ್ಮ ಟ್ರಂಕಿನಲ್ಲಿ ಇಟ್ಟುಕೊಳ್ಳಿ. ವೀಸಾ ಯಾವುದೆಂದೂ ಕೇಳಿ. ಇ-ಟೂರಿಸ್ಟ್ ವೀಸಾದಲ್ಲಿ ಸಂಬಳವಿಲ್ಲದ ಸೇವೆಯನ್ನು ಹೆಚ್ಚೆಂದರೆ ಒಂದು ತಿಂಗಳು ಮಾಡಬಹುದು. ಮಾಸ್ತರರು ಹೇಳಿದ ಒಂದೂವರೆ ತಿಂಗಳಿಗೆ ಅದು ಸಾಲದು! ಹುಬ್ಬಳ್ಳಿಯಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದ ನಿಮ್ಮ ಮೈದುನನ ಮಗಳೇ ಬರುತ್ತಿದ್ದರೂ, ಪಾಸ್‌ಪೋರ್ಟ್ ಪರದೇಶದ್ದಾದರೆ ಠಾಣೆಯಲ್ಲಿ ಒಂದು ಮಾತು ಕೇಳಿಡುವುದು ಲೇಸು.

ಅಡಿಗೆಮನೆಯ ಎಚ್ಚರ

ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು, "ಶೇಂಗಾ ತಿಂತೀಯೇನವ್ವಾ?" ನಗಬೇಡಿ. ಪಶ್ಚಿಮ ದೇಶಗಳ ಕೆಲವು ಮಕ್ಕಳಿಗೆ ಶೇಂಗಾ ಒಗ್ಗುವುದಿಲ್ಲ. ಒಗ್ಗುವುದಿಲ್ಲ ಅಂದರೆ ಹೊಟ್ಟೆನೋವಲ್ಲ, ಗಂಟಲು ಬಾತು ಉಸಿರೇ ಕಟ್ಟಿ ಪ್ರಾಣ ಹೋಗುವ ಅಪಾಯ. ನಮ್ಮಲ್ಲಿ ಶೇಂಗಾದ ಪುಡಿ ಬೀಳದ ಪಲ್ಲೆ ಯಾವುದಿದೆ ಹೇಳಿ! ಎಣ್ಣೆಗಾಯಿಯಲ್ಲಿ ಅದು, ಚಟ್ನಿಯಲ್ಲಿ ಅದು, ಒಗ್ಗರಣೆಯ ಎಣ್ಣೆಯೂ ಅದೇ. ಅಂಥ ಹುಡುಗಿಯಾದರೆ ಮುಲಾಜಿಲ್ಲದೆ "ನಮ್ಮ ಮನ್ಯಾಗ ಆಗೂದಿಲ್ಲರೀ" ಎಂದುಬಿಡಿ.

ಮೊದಲ ವಾರ ಕುದಿಸಿ ಆರಿಸಿದ ನೀರು, ಬಿಸಿ ಅನ್ನ, ತೊವ್ವೆ, ಬೆಣ್ಣೆ ಸವರಿದ ಬಿಸಿ ರೊಟ್ಟಿ, ಸಿಪ್ಪೆ ಸುಲಿದ ಬಾಳೆಹಣ್ಣು ಸಾಕು. ಹಸಿ ಮೆಂತ್ಯಸೊಪ್ಪು, ಸೌತೆಕಾಯಿ, ಉಳ್ಳಾಗಡ್ಡಿ ಆಮೇಲೆ ಆಗಲಿ. ಸವಣೂರು ಖಾರದ ಹೆಮ್ಮೆ ನಮಗಿದ್ದದ್ದೇ; ಆದರೆ ಬಂದ ದಿನವೇ ಬಟ್ಟಲು ತುಂಬಿ ಮುಂದಿಟ್ಟು ಅವಳ ಕಣ್ಣಲ್ಲಿ ನೀರು ತರಿಸಬೇಡಿ. "ಇನ್ನಷ್ಟು ಉಣ್ಣು, ಇನ್ನಷ್ಟು ಉಣ್ಣು" ಎಂಬ ನಮ್ಮ ಒತ್ತಾಯವೂ ಸ್ವಲ್ಪ ಕಡಿಮೆಯಾಗಲಿ. ಬೇಡ ಎಂದರೆ ಆ ಮಕ್ಕಳಿಗೆ ಬೇಡವೆಂದೇ ಅರ್ಥ. ಹೊಟ್ಟೆ ಕೆಟ್ಟರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡನ್ನೂ ಸಮಮಟ್ಟದಲ್ಲಿ ಅಳೆದು ಕರಗಿಸಿ ಗುಟುಕು ಗುಟುಕಾಗಿ ಕುಡಿಸಿ. ಜ್ವರ ಬಂದರೆ, ರಕ್ತ ಕಂಡರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ.

ಬಚ್ಚಲು, ಕಕ್ಕಸು ಎಲ್ಲಿದೆ, ಚೊಂಬಿನ ಬಳಕೆ ಹೇಗೆ, ತಿಂಗಳ ದಿನಗಳಲ್ಲಿ ಬಳಸಿದ್ದನ್ನು ಎಲ್ಲಿ ಹಾಕಬೇಕು, ಇವನ್ನು ಮೊದಲ ಸಂಜೆಯೇ ಒಳಗೆ ಕರೆದು ಹೇಳಿಕೊಡಿ. ಗಂಡಸರ ಎದುರು ಕೇಳಲಾರದೆ ಆ ಹುಡುಗಿ ನಾಲ್ಕು ದಿನ ಒದ್ದಾಡಬಾರದು. ಮಲಗುವ ಕೋಣೆಗೆ ಒಳಗಿನಿಂದ ಚಿಲಕವಿರಲಿ. ರಾತ್ರಿ ಎಲ್ಲಿಗೆ, ಯಾರ ಜತೆ ಎಂದು ನಿಮ್ಮ ಮಗಳನ್ನು ಕೇಳುವಂತೆಯೇ ಅವಳನ್ನೂ ಕೇಳಿ.

ಯಾವ ಕೆಲಸ ಕೊಡಬೇಕು?

ಗೋಡೆಗೆ ಬಣ್ಣ ಹಚ್ಚುವುದು ಕೆಲಸವಲ್ಲವೇ ಅಂತೀರಿ. ಹೌದು, ಆದರೆ ಊರಿನಲ್ಲಿ ಸುಣ್ಣಬಣ್ಣದವನೊಬ್ಬ ಇದ್ದಾನೆ, ಗೌಂಡಿ ಇದ್ದಾನೆ. ಅವರ ಹೆಂಡಿರು ಮಕ್ಕಳ ಗಂಜಿ ಆ ಕೂಲಿಯಿಂದಲೇ. ಪರದೇಶದ ಮಕ್ಕಳು ಪುಕ್ಕಟೆ ಇಟ್ಟಿಗೆ ಇಟ್ಟರೆ ಊರಿನ ಒಂದು ಒಲೆಗೆ ಬೆಂಕಿ ಕಡಿಮೆ. ಅದೂ ಅಲ್ಲದೆ ಅವರು ಕಟ್ಟಿದ ಗೋಡೆ ನೆಟ್ಟಗೆ ನಿಲ್ಲಬೇಕಲ್ಲ!

ಇಂಗ್ಲಿಷ್ ಕಲಿಸುವುದರಲ್ಲೂ ಒಂದು ತೊಡಕಿದೆ. ಪ್ರತಿ ಬೇಸಿಗೆಯಲ್ಲೂ ಹೊಸಬರು ಬಂದು ಎ ಬಿ ಸಿ ಡಿ ಹಾಡನ್ನೇ ಮೊದಲಿನಿಂದ ಹೇಳಿಸಿದರೆ ಮಕ್ಕಳು ನಾಲ್ಕು ವರ್ಷವಾದರೂ 'ಡಿ' ದಾಟುವುದಿಲ್ಲ. ಅದಕ್ಕಿಂತ ಶಾಲೆಯ ಅಕ್ಕೋರ ಪಕ್ಕದಲ್ಲಿ ಕುಳಿತು, ಅವರ ಜತೆ ದಿನಕ್ಕೆ ಒಂದು ಗಂಟೆ ಇಂಗ್ಲಿಷಿನಲ್ಲಿ ಮಾತಾಡಲಿ. ಹುಡುಗಿ ಹೋದ ಮೇಲೂ ಅಕ್ಕೋರು ಇಲ್ಲೇ ಇರುತ್ತಾರೆ.

ಕಲಿಯುವ ಕೆಲಸಕ್ಕೆ ನಮ್ಮಲ್ಲಿ ಬರವೇ? ಎಲೆತೋಟಕ್ಕೆ ಕರೆದೊಯ್ಯಿರಿ. ಬಳ್ಳಿ ಕಟ್ಟುವುದು, ಎಲೆ ನೋಯದಂತೆ ಕೀಳುವುದು, ಎಣಿಸಿ ಕಟ್ಟು ಕಟ್ಟುವುದು ಒಂದು ವಿದ್ಯೆಯೇ. ರೊಟ್ಟಿ ಬಡಿಯಲು ಕೂಡ್ರಿಸಿ. ಮೊದಲ ಹತ್ತು ರೊಟ್ಟಿ ಭಾರತದ ನಕಾಶೆಯಂತಿದ್ದರೂ ಹೊಟ್ಟೆಗೆ ಹೋಗುತ್ತವೆ. ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿರುವ ಮೂರು ಭಾರಿ ಮರಗಳನ್ನು ತೋರಿಸಿ. ಅವು ಆಫ್ರಿಕದ ಜಾತಿಯವು. ಯಾವಾಗಲೋ ಬಂದು ಬೇರೂರಿದವು. ನಮ್ಮ ಜನ 'ದೊಡ್ಡಹುಣಸೆ' ಎಂದು ಹೆಸರಿಟ್ಟು ತಮ್ಮವನ್ನಾಗಿ ಮಾಡಿಕೊಂಡರು. ಪೇಟೆಗೆ ಹೋದರೆ ಕನ್ನಡ, ಉರ್ದು ಎರಡೂ ಕಿವಿಗೆ ಬೀಳುತ್ತವೆ. ಎರಡರಲ್ಲೂ ಹತ್ತು ಹತ್ತು ಮಾತು ಕಲಿತರೂ ಹುಡುಗಿಯ ಪುಣ್ಯ. ಇಂದಿನ ಮಕ್ಕಳು ಫೋನಿನಲ್ಲೇ ಭಾಷಾಂತರ ಮಾಡಿಕೊಂಡು ಮಾತಾಡುತ್ತಾರೆ. ಅಡಿಗೆಮನೆಯಲ್ಲಿ ಆ ಫೋನು ಹೊರಗಿರಲಿ ಎಂದು ನನ್ನ ಸಲಹೆ. ಉಪ್ಪು, ನೀರು, ಬೆಂಕಿ, ಸಾಕು, ಬೇಕು, ಇಷ್ಟರಿಂದಲೇ ಎಷ್ಟೋ ಸಂಸಾರ ನಡೆದಿದೆ.

ಮಕ್ಕಳ ವಿಷಯದಲ್ಲಿ ಮಾತ್ರ ಸ್ವಲ್ಪ ಬಿಗಿಯಾಗಿರಿ. ಬಿಳಿಯಕ್ಕನ ಕೈ ಹಿಡಿದು ಓಡಾಡಿದ ಐದು ವರ್ಷದ ಕೂಸು, ಅವಳು ಬಸ್ಸು ಹತ್ತಿದ ಮೇಲೆ ಮೂರು ದಿನ ಉಣ್ಣದಿರಬಹುದು. ಬಂದ ದಿನವೇ ಮಕ್ಕಳಿಗೆ ಹೇಳಿಬಿಡಿ: "ಅಕ್ಕ ಇಷ್ಟು ದಿನ ಇರ್ತಾಳ, ಆಮೇಲೆ ಅವರ ಅವ್ವನ ಹತ್ರ ಹೊಕ್ಕಾಳ." ಹರಕು ಅಂಗಿ ಹಾಕಿಕೊಂಡ ನಿಮ್ಮ ಮಗುವಿನ ಫೋಟೋ ಲೋಕಕ್ಕೆಲ್ಲ ಕಾಣಬೇಕೇ ಬೇಡವೇ ಎನ್ನುವುದು ನಿಮ್ಮ ಹಕ್ಕು. ಬೇಡ ಎನ್ನಲು ಇಂಗ್ಲಿಷ್ ಬೇಕಿಲ್ಲ, ಕೈ ಅಡ್ಡ ಹಿಡಿದರೆ ಸಾಕು.

ಇನ್ನು ನಿಮ್ಮ ಮಗಳೇ ಹೊರದೇಶಕ್ಕೆ ಸೇವೆಗೆ ಹೋಗುತ್ತೇನೆ ಎಂದರೆ? ಇಂದು ಇದೂ ಅಪರೂಪವಲ್ಲ. ಅವಳಿಗೂ ಇದೇ ಪ್ರಶ್ನೆಗಳನ್ನು ಹಾಕಿ. ಅನಾಥಾಶ್ರಮದಲ್ಲಿ ಮಕ್ಕಳನ್ನು ಆಡಿಸುವ ಕೆಲಸ ಎಂದರೆ ಎರಡು ಬಾರಿ ಯೋಚಿಸಲು ಹೇಳಿ. ನೇಪಾಳ, ಕಾಂಬೋಡಿಯಾಗಳಲ್ಲಿ ಇಂಥ ಆಶ್ರಮಗಳಲ್ಲಿದ್ದ ಮಕ್ಕಳಲ್ಲಿ ಹೆಚ್ಚಿನವರಿಗೆ ತಂದೆಯೋ ತಾಯಿಯೋ ಬದುಕಿಯೇ ಇದ್ದರೆಂಬುದು ವಿಚಾರಣೆಯಲ್ಲಿ ಹೊರಬಿದ್ದಿದೆ. ಸೇವೆಗೆ ಬರುವ ಪರದೇಶಿಯರ ದುಡ್ಡಿನಾಸೆಗೆ, ಓದಿಸುತ್ತೇವೆ ಎಂದು ನಂಬಿಸಿ, ಹಳ್ಳಿಯ ಬಡ ತಾಯಂದಿರಿಂದ ಕೂಸುಗಳನ್ನು ತಂದಿಟ್ಟ ಪ್ರಕರಣಗಳೂ ಉಂಟು. ಆ ತಾಯಿಯ ಹೊಟ್ಟೆಯ ಸಂಕಟ ನಿಮಗೆ ಬಿಡಿಸಿ ಹೇಳಬೇಕೇ?

ಹೊರಡುವ ದಿನ ಬುತ್ತಿ ಕಟ್ಟಿಕೊಡದೆ ನಾವು ಬಿಡುವವರಲ್ಲ. ಕಟಕ ರೊಟ್ಟಿ, ಸವಣೂರು ಖಾರ, ಚಟ್ನಿಪುಡಿ ಚೆನ್ನಾಗಿ ಮುಚ್ಚಿ ಕಟ್ಟಿದರೆ ಕೆಡುವುದಿಲ್ಲ. ಉಪ್ಪಿನಕಾಯಿ ಪೆಟ್ಟಿಗೆಯಲ್ಲಿ ಸೋರಿ ಅವಳ ಬಟ್ಟೆಯನ್ನೆಲ್ಲ ಹಾಳು ಮಾಡುತ್ತದೆ, ಬೇಡ. ಬೀಜ, ಹಸಿ ಕಾಯಿಪಲ್ಲೆ, ಹಣ್ಣು, ವೀಳ್ಯದೆಲೆಗಳನ್ನು ಅನೇಕ ದೇಶಗಳ ವಿಮಾನ ನಿಲ್ದಾಣದಲ್ಲೇ ಕಸಿದುಕೊಳ್ಳುತ್ತಾರೆ. ಎಲೆ-ಅಡಿಕೆಯನ್ನು ಇಲ್ಲೇ, ಕುಂಕುಮ ಹಚ್ಚುವಾಗ ಅಂಗೈಗೆ ಕೊಡಿ. ಬಸ್ಸು ಹತ್ತುವ ಮೊದಲು ತಿಂದು ಮುಗಿಸಲಿ.